ಹನ್ನೆರಡು ಮರ, ಒಂದು ಇಸ್ತ್ರಿಪೆಟ್ಟಿಗೆ

ಅರ್ಧ ದಿನದ ತರಬೇತಿ ಒಬ್ಬ ಮನುಷ್ಯನನ್ನು ಎಷ್ಟರಮಟ್ಟಿಗೆ ಕೆಡಿಸಬಹುದು ಎಂಬುದಕ್ಕೆ ನಾನೇ ಉದಾಹರಣೆ. ಪೂರ್ತಿ ದಿನದ ತರಬೇತಿಯಾಗಿದ್ದರೆ ಸಂಜೆಯ ಹೊತ್ತಿಗೆ ನನಗೆ ಏನೂ ಗೊತ್ತಿಲ್ಲ ಎಂಬುದಾದರೂ ಗೊತ್ತಾಗುತ್ತಿತ್ತು. ಅರ್ಧ ದಿನದ್ದಾದ ಕಾರಣ, ಎಲ್ಲ ಗೊತ್ತಾಯಿತು ಎನ್ನುವ ಹಂತದಲ್ಲೇ ಮುಗಿದುಹೋಯಿತು.

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ. ನಲ್ಲಿಯಲ್ಲಿ ನೀರಿಲ್ಲ ಎಂದು ಬಂದವರ ಅರ್ಜಿಗೆ ಮೊಹರು ಹೊಡೆದು ಪಕ್ಕದ ಟೇಬಲ್ಲಿಗೆ ತಳ್ಳುವುದು ನನ್ನ ವೃತ್ತಿ. ಹೋದ ತಿಂಗಳು ಒಂದು ಸೋಮವಾರ 'ಮನೆಯಲ್ಲಿ ವಿದ್ಯುತ್ ಸುರಕ್ಷತೆ' ಎಂಬ ತರಬೇತಿಗೆ ಪ್ರತಿ ವಿಭಾಗದಿಂದ ಒಬ್ಬರನ್ನು ಕಳಿಸಬೇಕೆಂದು ಆದೇಶ ಬಂತು. ನಮ್ಮ ವಿಭಾಗದಲ್ಲಿ ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಹಲ್ಲುನೋವು, ಇನ್ನೊಬ್ಬರಿಗೆ ಹೆಂಡತಿಯ ಮಂಡಿನೋವು. ನಾನು ಚಹಾ ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಪಟ್ಟಿಯಲ್ಲಿ ನನ್ನ ಹೆಸರು, ಅದರ ಕೆಳಗೆ ನನ್ನ ಒಪ್ಪಿಗೆ.

ಆದರೆ ಸುಳ್ಳು ಹೇಳಬಾರದು, ತರಬೇತಿ ಚೆನ್ನಾಗಿತ್ತು. ಕಲಿಸಲು ಬಂದವರು ಸಣಕಲು ಮನುಷ್ಯ, ಮೂವತ್ತು ವರ್ಷ ವಿದ್ಯುತ್ತಿನ ಜೊತೆ ಸಂಸಾರ ಮಾಡಿದವರು. ಬಿಸಿ ಇಸ್ತ್ರಿಪೆಟ್ಟಿಗೆಗೆ ವೈರು ಸುತ್ತಬೇಡಿ, ಪ್ಲಗ್ ತೆಗೆಯುವಾಗ ವೈರು ಹಿಡಿದು ಜಗ್ಗಬೇಡಿ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ, ಹೊಲಿಗೆ ಮೆಷಿನ್ನಿನ ಸೂಜಿ ಬದಲಿಸುವ ಮುಂಚೆ ಪ್ಲಗ್ ತೆಗೆಯಿರಿ, ಪೆಡಲ್ಲಿನ ಮೇಲೆ ಕಾಲಿಟ್ಟುಕೊಂಡೇ ಸೂಜಿಗೆ ಬೆರಳು ಕೊಡಬೇಡಿ ಎಂದೆಲ್ಲ ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡೆ. ಕೊನೆಯಲ್ಲಿ ಅವರು, ಪ್ಲಗ್ಗನ್ನಾಗಲಿ ಬೋರ್ಡನ್ನಾಗಲಿ ನೀವಾಗಿ ಬಿಚ್ಚಬೇಡಿ, ಕೆಲಸ ಬಲ್ಲವರನ್ನು ಕರೆಯಿರಿ ಎಂದೂ ಹೇಳಿದರು. ಆ ಹೊತ್ತಿಗೆ ಬಿಸ್ಕತ್ತು ಹಂಚಲು ಶುರುಮಾಡಿದ್ದರು. ಮಾತು ಕಿವಿಗೆ ಬಿತ್ತು, ಮನಸ್ಸು ತಟ್ಟೆಯ ಮೇಲಿತ್ತು.

ನಮ್ಮ ಮನೆ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿದೆ. ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿಯ ಹೊಲಿಗೆ ನಡೆಯುತ್ತದೆ. ಕಟ್ಟಡದಲ್ಲಿ ಎಲ್ಲರಿಗೂ ಅವಳು ಟೈಲರಮ್ಮ. ನಾನು ಟೈಲರಮ್ಮನ ಯಜಮಾನರು. (ಯಜಮಾನ ಎಂಬ ಪದವಿ ನನಗೆ ಸಿಗುವುದು ಈ ಒಂದು ಕಡೆ ಮಾತ್ರ, ಅದೂ ಅವಳ ಹೆಸರಿನ ಬಾಲವಾಗಿ.) ಅವಳ ಮೆಷಿನ್ನು ಅವಳ ಅಮ್ಮನ ಕಾಲದ್ದು. ಮೊದಲು ಕಾಲಲ್ಲಿ ತುಳಿಯುವಂಥದ್ದಾಗಿತ್ತು, ಆಮೇಲೆ ಅದಕ್ಕೊಂದು ಮೋಟಾರು ಕೂರಿಸಿಕೊಂಡಳು. ಆ ಅಮ್ಮ, ಅಂದರೆ ನನ್ನ ಅತ್ತೆ, ನಮ್ಮ ಜೊತೆಯೇ ಇದ್ದಾರೆ. ಗುಂಡಿ ಹಾಕುವುದು, ಕಾಜಾ ಕಟ್ಟುವುದು ಅವರ ಇಲಾಖೆ. ಅವರಿಗೆ ಕಿವಿ ಸ್ವಲ್ಪ ಮಂದ. ಯಾವ ಮಾತಿಗೆ ಮಂದ, ಯಾವ ಮಾತಿಗೆ ಚುರುಕು ಎಂಬುದನ್ನು ಹದಿನೆಂಟು ವರ್ಷದಿಂದ ನಾನು ಲೆಕ್ಕಹಾಕುತ್ತಲೇ ಇದ್ದೇನೆ.

ಆ ವಾರ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಿರದ ಶಾಲೆಯವರು ಮಕ್ಕಳ ನಾಟಕವೊಂದರ ಪೂರ್ತಿ ಉಡುಪನ್ನು ಮೊದಲ ಸಲ ಇವಳಿಗೆ ವಹಿಸಿದ್ದರು. ಹನ್ನೆರಡು ಮರ, ಆರು ಮೊಲ, ನಾಲ್ಕು ಮೋಡ, ಒಬ್ಬ ರಾಜ, ಒಬ್ಬ ಸೂರ್ಯ. ಶುಕ್ರವಾರ ಸಂಜೆ ನಾಲ್ಕಕ್ಕೆ ಒಪ್ಪಿಸಬೇಕು, ಶನಿವಾರ ಬೆಳಿಗ್ಗೆ ನಾಟಕ. ಇಷ್ಟು ದಿನ ಹರಿದ ಜೇಬು, ಉದ್ದವಾದ ಪ್ಯಾಂಟು ಎಂದು ಚಿಲ್ಲರೆ ಕೆಲಸ ಮಾಡಿಕೊಂಡಿದ್ದವಳಿಗೆ ಇದು ದೊಡ್ಡ ಪರೀಕ್ಷೆ. ಇದು ಚೆನ್ನಾಗಿ ಆದರೆ ಶಾಲೆಯ ಎಲ್ಲ ಹೊಲಿಗೆಯೂ ಇವಳಿಗೇ. ಕೆಟ್ಟರೆ ಮತ್ತೆ ಜೇಬಿಗೆ.

ಇಂಥ ಹೊತ್ತಿನಲ್ಲಿ ನಾನು ತರಬೇತಿ ಮುಗಿಸಿ, ಪುಸ್ತಕ ಪೆನ್ಸಿಲು ಹಿಡಿದು ಮನೆಯ ತಪಾಸಣೆಗೆ ಇಳಿದೆ.

"ರೀ, ಆ ಕಡೆ ಹೋಗಿ. ಮೊಲದ ಮೇಲೆ ನಿಂತಿದ್ದೀರಿ" ಎಂದಳು ಇವಳು.

ನಾನು ಮೊಲದಿಂದ ಇಳಿದು ಮೋಡದ ಮೇಲೆ ನಿಂತೆ. ಅಲ್ಲಿಂದಲೇ ಕಂಡದ್ದನ್ನು ಬರೆದುಕೊಂಡೆ. ಮೆಷಿನ್ನು, ಇಸ್ತ್ರಿಪೆಟ್ಟಿಗೆ, ದೀಪ, ಫ್ಯಾನು ನಾಲ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋತುಬಿದ್ದಿದ್ದವು. ಆ ಬೋರ್ಡು ಕತ್ತರಿಸಿದ ಬಟ್ಟೆಯ ಚೂರುಗಳ ರಾಶಿಯಲ್ಲಿ ಹೂತುಹೋಗಿತ್ತು. ಪಕ್ಕದಲ್ಲೇ ಇಸ್ತ್ರಿಗೆ ನೀರು ಚಿಮುಕಿಸುವ ಬಟ್ಟಲು, ತುಂಬಿ ತುಳುಕುವ ಹಾಗೆ. ಪೆಡಲ್ಲಿನ ಸುತ್ತ ದಾರದ ಉಂಡೆ. ಎಲ್ಲಕ್ಕಿಂತ ಮಿಗಿಲಾಗಿ ಇಸ್ತ್ರಿಪೆಟ್ಟಿಗೆಯ ವೈರು, ಪೆಟ್ಟಿಗೆಯಿಂದ ಹೊರಬರುವ ಕುತ್ತಿಗೆಯ ಬಳಿ ಸವೆದುಹೋಗಿತ್ತು. ಸವೆದ ಜಾಗಕ್ಕೆ ಬಟ್ಟೆಯ ಪಟ್ಟಿ ಸುತ್ತಿ, ಅಂಚು ಮಡಚಿ, ಒಂದೊಂದೇ ಎಳೆ ಎಣಿಸಿ ಹೊಲಿದಿದ್ದರು.

"ಇದು ಯಾರ ಕೆಲಸ?" ಎಂದೆ.

"ನಂದು" ಎಂದರು ಅತ್ತೆ. "ಹರಿದದ್ದು ಹೊಲಿಯೋ ಮನೆಯಲ್ಲಿ ವೈರು ಮಾತ್ರ ಹರ್ಕೊಂಡಿರಬೇಕಾ? ಹೊಲಿಗೆ ನೋಡಿ ಅಳಿಯಂದ್ರೇ, ಹಿಂದುಮುಂದು ಒಂದೇ ಥರ ಇದೆ."

"ಅತ್ತೆ, ಕರೆಂಟು ಹೊಲಿಗೆ ನೋಡಿ ಒಳಗೆ ಕೂರಲ್ಲ."

ಅತ್ತೆಗೆ ಕೇಳಿಸಲಿಲ್ಲ.

ನಾನು ಇವಳ ಕಡೆ ತಿರುಗಿದೆ. "ನಿನಗೆ ಯಾವತ್ತಾದರೂ ಶಾಕ್ ಹೊಡೆದಿದೆಯಾ?"

"ಶಾಕ್ ಏನಿಲ್ಲ. ಮೆಷಿನ್ನು ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನುತ್ತೆ. ರಬ್ಬರ್ ಚಪ್ಪಲಿ ಹಾಕ್ಕೊಂಡ್ರೆ ಅನ್ನಲ್ಲ. ಅದಕ್ಕೇ ಹಾಕ್ಕೋತೀನಿ."

"ಯಾವಾಗಿನಿಂದ?"

"ಚಪ್ಪಲಿ ತಂದಾಗಿನಿಂದ."

ಆ ಚಪ್ಪಲಿ ತಂದು ಎರಡು ವರ್ಷವಾಗಿತ್ತು. ಅವಳಿಗೆ ಮನೆಯೊಳಗೆ ಚಪ್ಪಲಿ ಹಾಕುವ ಶೋಕಿ ಹತ್ತಿದೆ ಎಂದು ನಾನು ಇಷ್ಟು ದಿನ ತಿಳಿದುಕೊಂಡಿದ್ದೆ. ತಪಾಸಣೆಯ ಜಂಬವೆಲ್ಲ ಇಳಿದು, "ನಾಳೆಯೇ ಎಲೆಕ್ಟ್ರಿಷಿಯನ್‌ನ ಕರೆಸೋಣ" ಎಂದೆ. ಇದು ಆ ವಾರದಲ್ಲಿ ನಾನಾಡಿದ ಏಕೈಕ ಬುದ್ಧಿವಂತ ಮಾತು.

"ಕರೆಸೋಣ, ಶುಕ್ರವಾರ ಆದ್ಮೇಲೆ. ಈಗ ಬಂದು ಬೋರ್ಡು ಬಿಚ್ಚಿ ಕೂತ್ರೆ ನನ್ನ ಮರಗಳನ್ನ ಯಾರು ಹೊಲೀತಾರೆ?"

ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು. ಇವಳು ಜೋರು ಮಾಡುವವಳಲ್ಲ. ದನಿ ತಗ್ಗಿದಷ್ಟೂ ಮಾತು ಗಟ್ಟಿ ಎಂದರ್ಥ. ಆ ಮಾತು ತೀರಾ ತಗ್ಗಿನಲ್ಲಿತ್ತು.

ಆದರೂ ನಾನು ಸುಮ್ಮನಿರಲಿಲ್ಲ. ದೊಡ್ಡ ಹಾಳೆಯ ಮೇಲೆ ಏಳು ನಿಯಮ ಬರೆದು ಮೆಷಿನ್ನಿನ ಎದುರು ಅಂಟಿಸಿದೆ. ಬುಧವಾರ ಸಂಜೆ ನೋಡಿದರೆ ಮೂರನೇ ನಿಯಮದ ಮೇಲೆ ರಾಜನ ಸೊಂಟದ ಅಳತೆ ಬರೆದಿತ್ತು. ಐದನೆಯದರ ಮೇಲೆ ಸೂರ್ಯನ ತೋಳು. ಆದರೆ ಒಂದು ಮಾತು ಒಪ್ಪಬೇಕು. ನೀರಿನ ಬಟ್ಟಲು ಕಿಟಕಿಯ ಕಟ್ಟೆಗೆ ಹೋಗಿತ್ತು, ಬೋರ್ಡಿನ ಸುತ್ತಲಿನ ಚೂರುಗಳೆಲ್ಲ ಚೀಲ ಸೇರಿದ್ದವು. ಸೂಜಿ ಬದಲಿಸುವಾಗ ಇವಳು ಪ್ಲಗ್ ತೆಗೆದದ್ದನ್ನು ಬಾಗಿಲ ಸಂದಿಯಿಂದ ನಾನೇ ಕಣ್ಣಾರೆ ಕಂಡೆ. ನನ್ನ ಮಾತನ್ನು ಪಾಲಿಸಿದ್ದು ನನಗೆ ಗೊತ್ತಾಗಬಾರದು ಎಂಬುದು ಇವಳ ನಿಯಮ.

ಗುರುವಾರ ಸಂಜೆ ನಾನು ಕಚೇರಿಯಿಂದ ಬರುವ ಹೊತ್ತಿಗೆ ಇವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಇಸ್ತ್ರಿಪೆಟ್ಟಿಗೆ ನೆಲದ ಮೇಲಿತ್ತು. ರಾಜನ ನಿಲುವಂಗಿಯ ಮೂಲೆಯಲ್ಲಿ ಕಂದು ಕಲೆ.

"ಏನಾಯ್ತು?"

"ಏನಿಲ್ಲ. ಕೈಗೆ ಸ್ವಲ್ಪ ಜೋರಾಗಿ ಹೊಡೀತು. ಬೀಳಿಸಿದೆ." ನಿಲುವಂಗಿಯ ಮೂಲೆ ಎತ್ತಿ ನೋಡಿ, "ಕಲೆ ಕಾಣದ ಹಾಗೆ ಜರಿ ಪಟ್ಟಿ ಇಡ್ತೀನಿ" ಎಂದಳು.

ಅವಳಿಗೆ ಜರಿ ಪಟ್ಟಿಯ ಯೋಚನೆ. ನನಗೆ ರಾತ್ರಿಯಿಡೀ ಆ ಕೈಯ ಯೋಚನೆ. ಬೆಳಗಾಗುವಷ್ಟರಲ್ಲಿ ನಾನೊಂದು ನಿರ್ಧಾರಕ್ಕೆ ಬಂದಿದ್ದೆ. ಎಲೆಕ್ಟ್ರಿಷಿಯನ್ ಬಂದರೆ ಇವಳ ಕೆಲಸ ಕೆಡುತ್ತದೆ. ಬರದಿದ್ದರೆ ಇವಳ ಕೈ ಕೆಡುತ್ತದೆ. ಎರಡೂ ಕೆಡದಿರಲು ಮನೆಯಲ್ಲೇ ಒಬ್ಬ ತರಬೇತಿ ಪಡೆದ ವ್ಯಕ್ತಿ ಇದ್ದಾನಲ್ಲ. ಶುಕ್ರವಾರಕ್ಕೆ ರಜೆ ಹಾಕಿದೆ.

ಹತ್ತೂವರೆಗೆ ಇವಳು ಮೊಲದ ಬಾಲಕ್ಕೆ ಎಲಾಸ್ಟಿಕ್ ತರಲು ಅಂಗಡಿಗೆ ಹೋದಳು. "ಅರ್ಧ ಗಂಟೇಲಿ ಬರ್ತೀನಿ. ಏನೂ ಮುಟ್ಟಬೇಡಿ" ಎಂದಳು. ಎರಡನೆಯ ವಾಕ್ಯ ಅವಳು ಎಲ್ಲಿಗೆ ಹೋಗುವಾಗಲೂ ಹೇಳುವಂಥದ್ದು, ಹಾಗಾಗಿ ನಾನದನ್ನು ವಿಶೇಷವಾಗಿ ತೆಗೆದುಕೊಳ್ಳಲಿಲ್ಲ.

ನಾನು ಪೂರ್ಣ ಕವಚಧಾರಿಯಾದೆ. ಕಾಲಿಗೆ ಇವಳ ರಬ್ಬರ್ ಚಪ್ಪಲಿ (ಹಿಮ್ಮಡಿ ಹೊರಗೆ), ಕೈಗೆ ಪಾತ್ರೆ ತೊಳೆಯುವ ರಬ್ಬರಿನ ಕೈಗವಸು, ಕೆಳಗೆ ಒಣಗಿದ ಮಣೆ. ಮೊದಲು ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಬೋರ್ಡಿನಿಂದ ತೆಗೆದೆ, ವೈರು ಹಿಡಿದಲ್ಲ, ಪ್ಲಗ್ ಹಿಡಿದೇ. ಹಾಳಾದ ಕುತ್ತಿಗೆಯ ತುಂಡನ್ನು ಅತ್ತೆಯ ಹೊಲಿಗೆಯ ಸಮೇತ ಕತ್ತರಿಸಿದೆ. ತರಬೇತಿಯಲ್ಲಿ ತೋರಿಸಿದ ಚಿತ್ರದಲ್ಲಿ ಕೆಂಪು, ಕಪ್ಪು, ಹಸಿರು ತಂತಿಗಳಿದ್ದವು. ಇಲ್ಲಿ ಹೊರಬಂದದ್ದು ಕಂದು, ನೀಲಿ, ಮತ್ತು ಹಳದಿ ಪಟ್ಟೆಯ ಹಸಿರು. ಕೆಂಪಿನ ನೆಂಟ ಕಂದು ಇರಬೇಕು ಎಂದು ಊಹಿಸಿದೆ. ಕೈಗವಸಿನಲ್ಲಿ ತಿರುಪು ಹಿಡಿಯಲು ಆಗದೆ ಮೂರು ಸಲ ಬೀಳಿಸಿ, ಒಂದನ್ನು ಮೊಲದ ಕಿವಿಯೊಳಗಿಂದ ಹುಡುಕಿ ತೆಗೆದೆ. ತಂತಿಯ ಮೇಲಿನ ಪ್ಲಾಸ್ಟಿಕ್ಕು ಬೇಕಾದ್ದಕ್ಕಿಂತ ಹೆಚ್ಚೇ ಸುಲಿದಿತ್ತು. ಒಳಗಿನ ಎಳೆಗಳು ಬಾಚದ ಗಡ್ಡದ ಹಾಗೆ ಅತ್ತಿತ್ತ ಕೆದರಿಕೊಂಡಿದ್ದವು. ಹೇಗೋ ಪೆಟ್ಟಿಗೆಯ ಹಿಂಬದಿಗೆ ತುರುಕಿ ಮುಚ್ಚಳ ಹಾಕಿದೆ.

"ಆಯ್ತಾ ಅಳಿಯಂದ್ರೇ?" ಎಂದರು ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಅತ್ತೆ.

"ಆಯ್ತು ಅತ್ತೆ. ಇನ್ನು ನಿಮ್ಮ ಮಗಳ ಕೈಗೆ ಏನೂ ಆಗಲ್ಲ."

ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದೆ.

ಟಪ್ ಎಂದಿತು. ಅಷ್ಟೇ. ಬೆಂಕಿಯಿಲ್ಲ, ಹೊಗೆಯಿಲ್ಲ. ಫ್ಯಾನು ನಿಧಾನಕ್ಕೆ ಸುತ್ತಿ ನಿಂತಿತು. ನಮ್ಮ ಮನೆಯದಷ್ಟೇ ಹೋಗಿದ್ದರೆ ಇವಳು ಬರುವುದರೊಳಗೆ ಸಂಭಾಳಿಸಬಹುದಿತ್ತು. ಆದರೆ ಕೆಳಗಿನ ಮನೆಯ ರೇಡಿಯೋ ನಿಂತಿತು. ಮೇಲಿನ ಮನೆಯ ಮಿಕ್ಸಿ ನಿಂತಿತು. ಒಂದರ ಹಿಂದೆ ಒಂದು ಬಾಗಿಲು ತೆರೆದ ಸದ್ದು. ಇಡೀ ಕಟ್ಟಡದ ಎಂಟು ಮನೆಯಲ್ಲೂ ಕರೆಂಟು ಹೋಗಿತ್ತು.

ಅತ್ತೆ ಏನಾಯಿತೆಂದು ನೋಡಲು ಹೊರಗೆ ಹೋದವರು ಹಿಂದೆಯೇ ಬಂದರು. ಮುಖದಲ್ಲಿ ದಿಗಿಲು. "ಅಳಿಯಂದ್ರೇ, ಲಿಫ್ಟು ಮಾತಾಡ್ತಿದೆ."

"ಏನಂತೆ?"

"ಮೊಲಗಳು ರೆಡಿನಾ ಅಂತ ಕೇಳ್ತಿದೆ."

ನಾನು ಓಡಿದೆ. ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತಿತ್ತು. ಒಳಗಿದ್ದವರು ಶಾಲೆಯ ನಾಟಕದ ಮೇಡಂ. ಸೂರ್ಯನ ಕಿರೀಟದ ಅಳತೆ ನೋಡಲು ಹನ್ನೊಂದಕ್ಕೆ ಬರುತ್ತೇನೆಂದು ಹೇಳಿದ್ದರಂತೆ.

"ಮೇಡಂ, ಗಾಬರಿಯಾಗಬೇಡಿ" ಎಂದು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದೆ. "ನಾನು ಸುರಕ್ಷತಾ ತರಬೇತಿ ಪಡೆದಿದ್ದೇನೆ."

"ನನಗೆ ಗಾಬರಿ ಏನಿಲ್ಲ. ನೀವು ಯಾರು?"

"ಟೈಲರಮ್ಮನ ಯಜಮಾನರು."

"ಹೌದಾ. ಮರದ ಪ್ಯಾಂಟಿಗೆ ಇಸ್ತ್ರಿ ಆಯ್ತಾ? ಗೆರೆ ನೆಟ್ಟಗೆ ಇರಬೇಕು ಅಂತ ಹೇಳಿದ್ದೆ. ಕಾಂಡ ಸೊಟ್ಟ ಕಾಣಬಾರದು."

ಅಷ್ಟರಲ್ಲಿ ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ನಿವೃತ್ತ ಪೋಸ್ಟ್ ಮಾಸ್ಟರು ಲಿಫ್ಟಿನ ಕೀ ಹಿಡಿದು ಮೆಟ್ಟಿಲೇರಿ ಬಂದರು. ಅವರ ಹಿಂದೆಯೇ, ಎಲಾಸ್ಟಿಕ್ಕಿನ ಸುರುಳಿ ಹಿಡಿದು, ಏದುಸಿರು ಬಿಡುತ್ತ ಇವಳು. ಕತ್ತಲಾದ ಮೆಟ್ಟಿಲು, ನಿಂತ ಲಿಫ್ಟು, ನನ್ನ ಕೈಯ ರಬ್ಬರ್ ಗವಸು, ನನ್ನ ಕಾಲಿನ ತನ್ನ ಚಪ್ಪಲಿ, ಇಷ್ಟನ್ನೂ ಒಮ್ಮೆ ನೋಡಿದಳು. ಬೇರೆ ಹೆಂಡತಿಯಾಗಿದ್ದರೆ ಏನಾಯಿತು ಎಂದು ಕೇಳುತ್ತಿದ್ದಳು.

"ಏನು ಮಾಡಿದ್ರಿ?" ಎಂದಳು ಇವಳು.

ಹೇಳಿದೆ. ಅವಳು ಬಯ್ಯಲಿಲ್ಲ. ಅದೇ ಕಷ್ಟ. ಮನೆಯೊಳಗೆ ಹೋಗಿ ಗಡಿಯಾರ ನೋಡಿದಳು. ಹನ್ನೊಂದೂ ಹತ್ತು. ಮೊದಲು ಮೆಷಿನ್ನಿನ ಪ್ಲಗ್ ತೆಗೆದಳು. ಮೋಟಾರಿನ ಸಣ್ಣ ಬೆಲ್ಟು ಕಳಚಿ, ಹೊಲಿಗೆ ಸಾಮಾನಿನ ಪೆಟ್ಟಿಗೆಯ ತಳದಿಂದ ಹಳೆಯ ಚರ್ಮದ ಬೆಲ್ಟು ತೆಗೆದು ದೊಡ್ಡ ಚಕ್ರಕ್ಕೆ ಹಾಕಿದಳು. ಕುರ್ಚಿ ಎಳೆದುಕೊಂಡು ಕೂತು ತುಳಿಯಲು ಶುರುಮಾಡಿದಳು. ಟಕಟಕ ಎಂದು ಮೆಷಿನ್ನು ಅದರ ಚಿಕ್ಕಂದಿನ ದನಿಯಲ್ಲಿ ಮಾತಾಡತೊಡಗಿತು. ಅತ್ತೆಯ ಮುಖದಲ್ಲಿ ನಗು.

"ಹೊಲಿಗೆ ಮುಗಿಸ್ತೀನಿ" ಎಂದಳು. "ಹನ್ನೆರಡು ಪ್ಯಾಂಟಿನ ಇಸ್ತ್ರಿ ಹೇಗೆ ಮಾಡ್ಲಿ? ಪಕ್ಕದ ಮನೇಲೂ ಕರೆಂಟಿಲ್ಲ."

ಅತ್ತೆ ಸೂಜಿ ಕೆಳಗಿಟ್ಟರು. "ಸ್ವಲ್ಪ ನೀರು ಚಿಮುಕಿಸಿ, ಗೆರೆ ಮಡಚಿ, ಹಾಸಿಗೆ ಕೆಳಗೆ ಹಲಗೆ ಮೇಲೆ ಇಟ್ರೆ ಆಗುತ್ತೆ. ಮೇಲೆ ಭಾರ ಬೇಕು."

"ಎಷ್ಟು ಭಾರ?"

ಅತ್ತೆ ನನ್ನನ್ನು ನೋಡಿದರು. ಇವಳೂ ನೋಡಿದಳು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತಾದರೂ ಅಳೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

"ಕೂತ್ಕೊಳ್ಳಿ" ಎಂದಳು.

"ಎಷ್ಟು ಹೊತ್ತು?"

"ಏಳಿ ಅನ್ನೋವರೆಗೆ."

ಹೀಗೆ, ವಿದ್ಯುತ್ ಸುರಕ್ಷತೆಯಲ್ಲಿ ತರಬೇತಿ ಪಡೆದ ನಾನು, ವಿದ್ಯುತ್ತೇ ಇಲ್ಲದ ಇಸ್ತ್ರಿಪೆಟ್ಟಿಗೆಯಾಗಿ ಹನ್ನೆರಡು ಮರಗಳ ಮೇಲೆ ಪ್ರತಿಷ್ಠಾಪಿತನಾದೆ. ಮಂಚ ಮುಂದಿನ ಕೋಣೆಗೆ ಅಂಟಿದ ಒಳಕೋಣೆಯಲ್ಲಿತ್ತು. ಎಡಗಡೆ ಬಾಗಿಲು, ಬಾಗಿಲಾಚೆ ಗೋಡೆಯಲ್ಲಿ ನಮ್ಮ ಮನೆಯ ಫ್ಯೂಸ್ ಬೋರ್ಡು. ಅಲ್ಲಾಡಿದರೆ ಗೆರೆ ಕೆಡುತ್ತದೆ ಎಂದು ಅತ್ತೆ ಎಚ್ಚರಿಸಿದ್ದರು. ಕಟ್ಟಡದ ಜನ ಒಬ್ಬೊಬ್ಬರಾಗಿ ಬಂದು ವಿಚಾರಿಸಿ ಹೋದರು. ನಾನು ಎದ್ದು ನಿಂತು ಕ್ಷಮೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕೂತಲ್ಲೇ ಕೈಮುಗಿದೆ. ಇಷ್ಟೆಲ್ಲ ಮಾಡಿದ್ದಲ್ಲದೆ ಮಹಾರಾಜರ ಹಾಗೆ ಮಂಚದ ಮೇಲೆ ಕೂತಿದ್ದಾನೆ ಎಂದು ಮೇಲಿನ ಮನೆಯ ಮಿಕ್ಸಿಯವರು ಮೆಟ್ಟಿಲಲ್ಲಿ ಹೇಳಿಕೊಂಡು ಹೋದದ್ದು ಕೇಳಿಸಿತು.

ಲಿಫ್ಟಿನಿಂದ ಬಿಡುಗಡೆಯಾದ ಮೇಡಂ ನಮ್ಮ ಮನೆಗೇ ಬಂದು ಮೊಲಗಳಿಗೆ ಬಾಲ ಹೊಲಿಯಲು ಕೂತರು. ಒಳಕೋಣೆಯತ್ತ ಕಣ್ಣು ಹಾಯಿಸಿ, "ಅವರಿಗೆ ಹುಷಾರಿಲ್ವಾ?" ಎಂದು ಇವಳನ್ನು ಕೇಳಿದರು.

"ಹುಷಾರು ಸ್ವಲ್ಪ ಜಾಸ್ತಿಯಾಗಿದೆ" ಎಂದಳು ಇವಳು.

ಒಂದು ಗಂಟೆಗೆ ಪೋಸ್ಟ್ ಮಾಸ್ಟರು ಎಲೆಕ್ಟ್ರಿಷಿಯನ್ ಜೊತೆ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಹೆಗಲಲ್ಲಿ ಕ್ಯಾನ್ವಾಸ್ ಚೀಲ, ಕಿವಿಯ ಸಂದಿಯಲ್ಲಿ ಟೆಸ್ಟರು. ಹೆಚ್ಚು ಮಾತಿಲ್ಲ. ಇಸ್ತ್ರಿಪೆಟ್ಟಿಗೆಯ ಹಿಂದೆ ನಾನು ಹಾಕಿದ ಮುಚ್ಚಳ ಬಿಚ್ಚಿ ಒಳಗಿನ ಗಡ್ಡವನ್ನು ನೋಡಿ, ಮತ್ತೆ ಮುಚ್ಚಿ, ನಿಧಾನಕ್ಕೆ ಚೀಲದ ಪಕ್ಕ ಇಟ್ಟರು.

"ಶಾರ್ಟ್ ಆಗಿದ್ದು ಇದರಿಂದ. ಅದು ಸರಿ. ಆದ್ರೆ ಒಂದು ಅರ್ಥ ಆಗ್ತಿಲ್ಲ" ಎಂದರು. "ಇಂಥ ಹೊತ್ತಲ್ಲಿ ನಿಮ್ಮನೆ ಫ್ಯೂಸು ಸುಟ್ಟು ಅಲ್ಲಿಗೇ ನಿಲ್ಲಬೇಕಿತ್ತು. ನಿಮ್ಮನೇದು ಗಟ್ಟಿಯಾಗಿದೆ. ಕಟ್ಟಡದ್ದು ಸುಟ್ಟಿದೆ."

ನಾನು ಮಂಚದ ಮೇಲಿಂದ ಎಡಕ್ಕೆ ವಾಲಿದೆ. ಅವರು ಬೋರ್ಡಿನಿಂದ ನಮ್ಮ ಫ್ಯೂಸನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಕೂದಲಿನಷ್ಟು ಸಣ್ಣ ತಂತಿ ಇರಬೇಕಾದಲ್ಲಿ ಹೆಣಿಗೆ ಕಡ್ಡಿಯಷ್ಟು ದಪ್ಪದ್ದೊಂದು ಇತ್ತು.

"ಇದು ಬಟ್ಟೆ ಒಣಗಿಸೋ ತಂತಿ" ಎಂದರು. "ಇದನ್ನ ಯಾರು ಹಾಕಿದ್ದು?"

ಟಕಟಕ ಎನ್ನುತ್ತಿದ್ದ ಮೆಷಿನ್ನು ನಿಂತಿತು. ನಾನು ಇನ್ನಷ್ಟು ಎಡಕ್ಕೆ ವಾಲಿ, ಹಿಂದಿನ ಬಾಡಿಗೆದಾರರ ವಿಷಯ ಎತ್ತಬಹುದೇ ಎಂದು ಯೋಚಿಸುತ್ತಿದ್ದೆ. ಅಷ್ಟು ದೂರದಲ್ಲಿದ್ದ ಅತ್ತೆಗೆ ಈ ಪ್ರಶ್ನೆ ಮಾತ್ರ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತ್ತು.

"ಅಳಿಯಂದ್ರು ಹಾಕಿದ್ದು. ಹೋದ ವರ್ಷ ಪದೇ ಪದೇ ಫ್ಯೂಸು ಹೋಗ್ತಿತ್ತು. ಇನ್ನು ಈ ಜನ್ಮದಲ್ಲಿ ಹೋಗಲ್ಲ ನೋಡ್ತಿರಿ ಅಂದ್ರು. ಪಾಪ, ಹೋಗ್ಲೂ ಇಲ್ಲ."

ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷ ಬೇರೆಯವರ ಪತ್ರ ಒಡೆಯದೆ ತಲುಪಿಸಿದ ಮನುಷ್ಯ. ಅವರಿಗೆ ಏನು ಅನಿಸಿತೋ, ಮುಖದಿಂದ ಗೊತ್ತಾಗಲಿಲ್ಲ.

"ಫ್ಯೂಸು ಹೋಗೋದು ನಮ್ಮನ್ನ ಕಾಪಾಡೋಕೆ" ಎಂದರು ಎಲೆಕ್ಟ್ರಿಷಿಯನ್. ಬಯ್ಯುವ ದನಿಯಲ್ಲ. "ಇದು ಹೋಗದೇ ಇದ್ರೆ ಗೋಡೆಯೊಳಗಿನ ವೈರು ಕಾಯುತ್ತೆ. ಹೋದ ವರ್ಷ ಯಾಕೆ ಪದೇ ಪದೇ ಹೋಗ್ತಿತ್ತು ಅಂತ ಯಾರೂ ನೋಡ್ಲಿಲ್ವಾ?"

ಆಮೇಲೆ ಅವರು ಮೆಷಿನ್ನಿನ ಹಿಂದಿನ ಸಾಕೆಟ್ ಬಿಚ್ಚಿದರು. ಹೊರಗೆ ಮೂರು ತೂತು. ಒಳಗೆ ಎರಡಕ್ಕೆ ಮಾತ್ರ ವೈರು. ಮೂರನೆಯದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿನದು, ಬರೀ ಅಲಂಕಾರ. ಇವಳ ಕಡೆ ತಿರುಗಿ, "ಮೆಷಿನ್ನು ಮುಟ್ಟಿದ್ರೆ ಜುಮ್ ಅನ್ನುತ್ತಾ?" ಎಂದು ಕೇಳಿದರು.

"ಎರಡು ವರ್ಷದಿಂದ."

"ಚಪ್ಪಲಿ ಹಾಕ್ಕೊಂಡು ಕೂರ್ತೀರಾ?"

"ಹೂಂ."

ಎಲೆಕ್ಟ್ರಿಷಿಯನ್ ಟೆಸ್ಟರನ್ನು ಮತ್ತೆ ಕಿವಿಯ ಸಂದಿಗೆ ಸಿಕ್ಕಿಸಿದರು. "ಜುಮ್ ಅಂದ ಮೊದಲನೇ ದಿನವೇ ಕರೀಬೇಕಮ್ಮ. ಕೈ ಒದ್ದೆ ಇದ್ದಿದ್ರೆ, ಕಾಲಲ್ಲಿ ಚಪ್ಪಲಿ ಇಲ್ದೇ ಇದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಇವಳು ತನ್ನ ಬಲಗೈಯನ್ನು ನೋಡಿಕೊಂಡಳು. ನಾನು ಅವಳನ್ನು ನೋಡಿದೆ. ಗೆರೆ ಕೆಟ್ಟರೆ ಕೆಡಲಿ ಎಂದು ಎದ್ದು ಹೋಗಿ ಅವಳ ಪಕ್ಕ ನಿಲ್ಲಬೇಕೆನಿಸಿತು. ಅವಳು ಅಲ್ಲಿಂದಲೇ ಕಣ್ಣಲ್ಲಿ, ಕೂತ್ಕೊಳ್ಳಿ, ಎಂದಳು.

"ಒಂದು ಲೆಕ್ಕಕ್ಕೆ ಇವರು ಇವತ್ತು ಇಡೀ ಕಟ್ಟಡದ ಕರೆಂಟು ತೆಗೆದದ್ದೇ ಒಳ್ಳೇದಾಯ್ತು" ಎಂದರು ಎಲೆಕ್ಟ್ರಿಷಿಯನ್, ಹೊಸ ವೈರು ಎಳೆಯುತ್ತ. "ಇಲ್ಲಾಂದ್ರೆ ನೀವು ನನ್ನ ಕರೀತಿರ್ಲಿಲ್ಲ."

ಅಂದು ನನ್ನ ಪರವಾಗಿ ಬಂದದ್ದು ಅದೊಂದೇ ಮಾತು. ಅದನ್ನು ಪೂರ್ತಿ ಸವಿಯಲು ನಾನು ಮತ್ತೆ ಎಡಕ್ಕೆ ವಾಲಿದೆ. ನಿಜ ಹೇಳಬೇಕೆಂದರೆ, ಅವರು ಕೆಲಸ ಮುಗಿಸುವ ತನಕ ಎರಡು ಗಂಟೆ ನಾನು ನೆಟ್ಟಗೆ ಕೂತದ್ದೇ ಕಡಿಮೆ. ಬಾಗಿಲಾಚೆ ನನ್ನ ಪಾಪಗಳು ಒಂದೊಂದಾಗಿ ಗೋಡೆಯಿಂದ ಹೊರಬರುತ್ತಿದ್ದಾಗ ಬಲಗಡೆಯ ಗೋಡೆ ನೋಡಿಕೊಂಡು ಕೂರಲು ಯಾರಿಂದ ಸಾಧ್ಯ?

ಮೂರು ಗಂಟೆಗೆ ಕರೆಂಟು ಬಂತು. ಕೆಳಗೆ ರೇಡಿಯೋ ಹಾಡಿತು, ಮೇಲೆ ಮಿಕ್ಸಿ ಗುಡುಗಿತು. ಹೊಸ ವೈರಿನ ಇಸ್ತ್ರಿಪೆಟ್ಟಿಗೆ ಈಗ ಎಕ್ಸ್‌ಟೆನ್ಷನ್ ಬೋರ್ಡು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹೋಯಿತು. ಇವಳು ಮೋಡಗಳನ್ನೂ ರಾಜನ ನಿಲುವಂಗಿಯನ್ನೂ ಇಸ್ತ್ರಿ ಮಾಡುವಷ್ಟರಲ್ಲಿ ನಾಲ್ಕಕ್ಕೆ ಐದು ನಿಮಿಷ. ಆಗ ನನಗೆ ಏಳುವ ಅಪ್ಪಣೆಯಾಯಿತು. ಕಾಲು ಜೋಮು ಹಿಡಿದು ಗೋಡೆ ಹಿಡಿದುಕೊಂಡು ನಿಂತೆ. ಅತ್ತೆ ಹಾಸಿಗೆ ಎತ್ತಿದರು. ಮೇಡಂ ಒಂದು ಪ್ಯಾಂಟು ಬಿಡಿಸಿ ಎತ್ತಿ ಹಿಡಿದರು.

ಗೆರೆ ಸೊಂಟದಲ್ಲಿ ಸರಿಯಾಗಿಯೇ ಹೊರಟಿತ್ತು. ಮೊಣಕಾಲಿನ ಹತ್ತಿರ ಬರುತ್ತಾ ಎಡಕ್ಕೆ ತಿರುಗಿ, ಪಾದದ ಹೊತ್ತಿಗೆ ಪೂರ್ತಿ ಓರೆಯಾಗಿತ್ತು. ಎರಡನೆಯದು ಬಿಡಿಸಿದರು. ಅದೂ ಹಾಗೆಯೇ. ಹನ್ನೆರಡೂ ಹಾಗೆಯೇ, ಒಂದೇ ಕಡೆಗೆ, ಒಂದೇ ಅಳತೆಯಲ್ಲಿ.

"ಮರಗಳು ವಾಲಿವೆ" ಎಂದರು ಮೇಡಂ.

ಇವಳು ನನ್ನತ್ತ ನೋಡಿದಳು. ನಾನು ಕಿಟಕಿಯತ್ತ ನೋಡಿದೆ. ಮತ್ತೆ ಇಸ್ತ್ರಿ ಮಾಡುವಷ್ಟು ಹೊತ್ತಿರಲಿಲ್ಲ, ಶಾಲೆಯ ವ್ಯಾನು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಮೇಡಂ ತಲೆ ಅಲ್ಲಾಡಿಸಿ ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋದರು. ಆ ಸಂಜೆ ಇವಳು ಮೆಷಿನ್ನಿಗೆ ಹೊದಿಕೆ ಹಾಕಿ, "ಇನ್ನು ಜೇಬೇ ಗತಿ" ಎಂದಳು. ನಾಲ್ಕು ದಿನ ನಾನು ಕೊಟ್ಟ ಉಪದೇಶವೆಲ್ಲ ಎದುರಿನ ಗೋಡೆಯಿಂದ ನನ್ನನ್ನೇ ನೋಡುತ್ತಿತ್ತು. ಆ ಹಾಳೆಯನ್ನು ಕೀಳಲು ಹೋದರೆ ಅವಳೇ ತಡೆದಳು. "ಇರಲಿ ಬಿಡಿ. ಬರೆದಿರೋದು ಸರಿಯಾಗೇ ಇದೆ. ಬರೆದವರದ್ದೇ ಸಮಸ್ಯೆ."

ಶನಿವಾರ ಮೂವರೂ ನಾಟಕಕ್ಕೆ ಹೋದೆವು. ಯಾರ ಕಣ್ಣಿಗೂ ಬೀಳದ ಹಾಗೆ ಕೊನೆಯ ಸಾಲಿನಲ್ಲಿ ಕೂತೆವು. ಎರಡನೇ ದೃಶ್ಯದಲ್ಲಿ ಕಾಡು. ಪರದೆ ಸರಿಯಿತು. ಹನ್ನೆರಡು ಮರಗಳು ಸಾಲಾಗಿ ನಿಂತಿದ್ದವು. ಬಿರುಗಾಳಿಯ ದೃಶ್ಯವಂತೆ, ಹಿಂದಿನಿಂದ ಯಾರೋ ತಗಡು ಅಲ್ಲಾಡಿಸಿದರು. ಮಕ್ಕಳು ನೆಟ್ಟಗೇ ನಿಂತಿದ್ದರು. ಆದರೂ ಕಾಡಿಗೆ ಕಾಡೇ ಎಡಕ್ಕೆ ಬಾಗಿದಂತೆ ಕಂಡಿತು. ಮುಂದಿನ ಸಾಲಿನಲ್ಲಿ ಯಾರೋ "ಅಬ್ಬ, ಗಾಳಿ ನೋಡು" ಎಂದರು. ಒಬ್ಬರು ಚಪ್ಪಾಳೆ ಹೊಡೆದರು. ಆಮೇಲೆ ಇಡೀ ಸಭಾಂಗಣ. ಇವಳು ನನ್ನ ಕೈ ಹಿಡಿದಳು. ಬಲಗೈಯಲ್ಲಿ, ಗಟ್ಟಿಯಾಗಿ. ನನಗೆ ಆಗ ಜುಮ್ ಎಂದಿತು. ಅದಕ್ಕೆ ಅರ್ತಿಂಗ್ ಬೇಕಾಗಲಿಲ್ಲ.

ನಾಟಕ ಮುಗಿದ ಮೇಲೆ ಮೇಡಂ ಜನರ ನಡುವೆ ದಾರಿ ಮಾಡಿಕೊಂಡು ನಮ್ಮ ಹತ್ತಿರ ಬಂದರು.

"ಟೈಲರಮ್ಮ, ಆ ಓರೆ ಗೆರೆ ಬೇಕಂತಲೇ ಮಾಡಿದ್ದಾ? ಎಲ್ಲರೂ ಕೇಳ್ತಿದ್ದಾರೆ. ನಿನ್ನೆ ನಾನೇ ತಪ್ಪು ತಿಳ್ಕೊಂಡೆ."

ಇವಳು ಒಂದು ಕ್ಷಣವೂ ತಡಮಾಡಲಿಲ್ಲ. "ಕೈಕೆಲಸ ಮೇಡಂ. ನಮ್ಮನೇಲಿ ಮಾತ್ರ ಆಗುತ್ತೆ."

"ಮುಂದಿನ ತಿಂಗಳು ಸಮುದ್ರದ ನಾಟಕ ಇದೆ. ಮೂವತ್ತು ಅಲೆ. ಎಲ್ಲಕ್ಕೂ ಇದೇ ಥರ ಗೆರೆ ಬೇಕು."

ನಾನು ಮಧ್ಯೆ ಬಾಯಿ ಹಾಕಿದೆ. "ಈಗ ಇಸ್ತ್ರಿಪೆಟ್ಟಿಗೆ ರಿಪೇರಿ ಆಗಿದೆಯಲ್ಲ. ಹೊಸ ವೈರು, ಅರ್ತಿಂಗು, ಎಲ್ಲ ಇದೆ."

"ಅದರಲ್ಲಿ ಗೆರೆ ನೆಟ್ಟಗೆ ಬರುತ್ತೆ ರೀ" ಎಂದಳು ಇವಳು. "ಮೇಡಂಗೆ ವಾಲಬೇಕು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೇಡಂಗೆ ಧೈರ್ಯ ತುಂಬಿದರು. "ನೀವು ಯೋಚನೆ ಮಾಡಬೇಡಿ. ವೈರಿಲ್ಲ, ಪ್ಲಗ್ಗಿಲ್ಲ, ಮುಟ್ಟಿದ್ರೆ ಶಾಕ್ ಹೊಡೆಯಲ್ಲ. ಮರೆತು ಬಿಟ್ಟು ಹೋದ್ರೂ ಬಟ್ಟೆ ಸುಡಲ್ಲ. ಹೊತ್ತಿಗೆ ಸರಿಯಾಗಿ ಊಟ ಹಾಕಿದ್ರೆ ಸಾಕು."

ಮೇಡಂ ಖುಷಿಯಿಂದ ಒಪ್ಪಿಕೊಂಡು, ಹೋಗುತ್ತ ಹೋಗುತ್ತ ಇನ್ನೊಂದು ಮಾತು ಸೇರಿಸಿದರು. ಅಲೆಗಳು ಎರಡೂ ಕಡೆಯಿಂದ ಬರಬೇಕಂತೆ, ಹದಿನೈದು ಎಡಕ್ಕೆ, ಹದಿನೈದು ಬಲಕ್ಕೆ. ಎಡಕ್ಕೆ ನನಗೆ ಅನುಭವವಿದೆ. ಬಲಕ್ಕೆ ವಾಲಿ ಎರಡು ಗಂಟೆ ಕೂರುವುದು ಇನ್ನೂ ಸರಿಯಾಗಿ ಬರುತ್ತಿಲ್ಲ. ದಿನಾ ಬೆಳಿಗ್ಗೆ ಅರ್ಧ ಗಂಟೆ, ಅತ್ತೆಯ ಮೇಲ್ವಿಚಾರಣೆಯಲ್ಲಿ, ಅಭ್ಯಾಸ ನಡೆದಿದೆ.